ಹಳೆ ಕಾರಿಗೆ ಹೊಸ ಎಂಜಿನ್: ವೈರಿಂಗಿನ ಕೆಲಸ

ಕಾರ್ಬೊರೇಟರ್ ಕಾಲದ ಸಣ್ಣ ಕಾರಿನ ಮೂಲ ಎಂಜಿನ್ ಇಳಿಸಿ, ಅದರ ಜಾಗದಲ್ಲಿ ಕಂಪ್ಯೂಟರ್ ನಿಯಂತ್ರಣದ ಮುಂದಿನ ಪೀಳಿಗೆಯ ಎಂಜಿನ್ ಕೂರಿಸಿದಾಗ, ಎರಡರ ವಿದ್ಯುತ್ ವ್ಯವಸ್ಥೆಯನ್ನು ಒಂದಕ್ಕೊಂದು ಹೊಂದಿಸುವ ಕೆಲಸ. ಗ್ಯಾರೇಜಿನ ಮಾತಿನಲ್ಲಿ ‘ಎಂಜಿನ್ ಸ್ವಾಪ್ ವೈರಿಂಗ್’. ಮೌಂಟಿಂಗ್ ಬೆಸೆಯುವುದು, ಆಕ್ಸೆಲ್ ಜೋಡಿಸುವುದು, ಸೈಲೆನ್ಸರ್ ಪೈಪು ಬಗ್ಗಿಸುವುದು ಎಲ್ಲರ ಕಣ್ಣಿಗೂ ಬೀಳುವ ಕೆಲಸಗಳು. ವೈರಿಂಗ್ ಹಾಗಲ್ಲ, ಮುಗಿದ ಮೇಲೆ ಟೇಪಿನೊಳಗೆ ಮರೆಯಾಗುತ್ತದೆ. ಆದರೆ ಎಂಜಿನ್ ಕೂತು ತಿಂಗಳಾದರೂ ಗ್ಯಾರೇಜಿನ ಮೂಲೆಯಲ್ಲಿ ದೂಳು ತಿನ್ನುತ್ತ ನಿಂತ ಕಾರಿನ ಬಾನೆಟ್ ಎತ್ತಿ ನೋಡಿದರೆ, ಕೆಲಸ ಅಂಟಿಕೊಂಡಿರುವುದು ಸಾಮಾನ್ಯವಾಗಿ ವೈರಿನಲ್ಲೇ.

ರಾಯಕೋಟೆ ಸೀಮೆ

ಈ ಲೇಖನ ಆ ಕೆಲಸವನ್ನು ನೋಡುವುದು ರಾಯಕೋಟೆಯ ಕಡೆಯಿಂದ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಈ ಊರು, ಹೊಸೂರಿನಿಂದ ಪಾಲಕೋಡಿನ ಮೇಲೆ ಧರ್ಮಪುರಿಗೆ ಹೋಗುವ 844ನೇ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈಯಲ್ಲಿ, ಇಂಗ್ಲಿಷರ ಕೈಸೇರಿದ ಕೋಟೆ ಊರಿನ ನೆತ್ತಿಯ ಬೆಟ್ಟದ ಮೇಲಿದೆ. ಕೆಳಗೆ ಟೊಮೆಟೊ ಮಾರುಕಟ್ಟೆ. ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಹೊಸೂರಿನಲ್ಲಿ 1980ರಿಂದ ಅಶೋಕ್ ಲೇಲ್ಯಾಂಡಿನ ಲಾರಿ, ಟಿವಿಎಸ್‌ನ ಮೊಪೆಡ್ ತಯಾರಾಗತೊಡಗಿದ ಮೇಲೆ ಸ್ಪ್ಯಾನರ್ ಹಿಡಿದ ಕೈ ಈ ಕಡೆ ಅಪರೂಪವಲ್ಲ. ಹೊಸ ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದು ಬೇಕಾದರೆ ಶಿವಾಜಿನಗರದ ಗುಜರಿ, ಅಲ್ಲೂ ಸಿಗದಿದ್ದರೆ ಚೆನ್ನೈನ ಪುದುಪೇಟೆ.

ಮಾತು ಮೂರಾದರೂ ಬಾನೆಟ್ಟಿನ ಕೆಳಗೆ ಭಾಷೆ ಒಂದೇ: ಅರ್ತ್, ಫ್ಯೂಸ್, ರಿಲೇ, ಕಪ್ಲರ್. ಸ್ಟಾರ್ಟರ್ ಮೋಟಾರಿಗೆ ಎಲ್ಲರೂ ‘ಸೆಲ್ಫ್’ ಎನ್ನುತ್ತಾರೆ, ವೈರುಗಳ ಇಡೀ ಕಟ್ಟಿಗೆ ‘ವೈರಿಂಗ್ ಕಿಟ್’. ಇನ್ನೊಂದು ಕಾರಣಕ್ಕೂ ಕರ್ನಾಟಕದ ಗಡಿ ಹತ್ತಿರವಿರುವುದು ಇಲ್ಲಿ ಮುಖ್ಯ. ಹೊಸೂರಿನ ಟಿಎನ್ 70, ಕೃಷ್ಣಗಿರಿಯ ಟಿಎನ್ 24 ನಂಬರಿನ ಕಾರುಗಳ ಜೊತೆಗೆ ಕೆಎ ನಂಬರಿನವೂ ಈ ರಸ್ತೆಯಲ್ಲಿ ಓಡಾಡುತ್ತವೆ. ಗುಜರಿಯಿಂದ ಎಂಜಿನ್ ತಂದು ಕೂರಿಸುವುದು ಮೆಕ್ಯಾನಿಕ್ಕಿನ ಕೆಲಸವಾದರೂ ಅದನ್ನು ಕಾಗದದ ಮೇಲೆ ತರಬೇಕಾದ್ದು ಆರ್‌ಟಿಒ ಕಚೇರಿಯಲ್ಲಿ. ಆ ಮಾತು ಕೊನೆಗೆ.

ಹಿನ್ನೆಲೆ

ಹಳೆ ಮೈಗೆ ಹೊಸ ಎಂಜಿನ್ ಕೂರಿಸಿದವರಲ್ಲಿ ಕಾರು ಕಂಪನಿಗಳೂ ಇವೆ. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ, ಫಿಯಟ್ 124ರ ಮೈಯೊಳಗೆ ನಿಸಾನ್‌ನ 1171 ಸಿಸಿ ಎಂಜಿನ್ ಹೊತ್ತಿತ್ತು. ಹಿಂದುಸ್ತಾನ್ ಮೋಟರ್ಸ್ ತನ್ನ ಕಾಂಟೆಸಾಗೂ ಆಮೇಲೆ 1990ರ ದಶಕದಲ್ಲಿ ಅಂಬಾಸಡರಿಗೂ ಇಸುಜು 1.8 ಲೀಟರ್ ಎಂಜಿನ್ ಕೊಟ್ಟಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಇಟ್ಟು ‘ಫಾರ್ಮುಲಾ ಮಾರುತಿ’ ರೇಸ್ ಕಾರು ಕಟ್ಟಿದರು. ಇವೆಲ್ಲ ಮೊದಲಿಗೆ ಕಾರ್ಬೊರೇಟರ್ ಎಂಜಿನ್‌ಗಳೇ. ಎಂಜಿನ್ ಬದಲಾದರೂ ವೈರಿಂಗ್ ಹೆಚ್ಚು ಬದಲಾಗಬೇಕಿರಲಿಲ್ಲ. ಕಾಯಿಲ್ಲಿಗೊಂದು ವೈರು, ಸೆಲ್ಫಿಗೊಂದು, ಚಾರ್ಜಿಂಗಿಗೊಂದು ಎಳೆದರೆ ಕಾರು ಹೊರಡುತ್ತಿತ್ತು.

ಆ ಸರಳತೆಯನ್ನು ಮುಗಿಸಿದ್ದು ಹೊಗೆಯ ಕಾನೂನು. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೊ ಮಾನದಂಡಗಳನ್ನು ಬಿಗಿಯಾಗಿ ಅನ್ವಯಿಸಿತು. 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ‘ಇಂಡಿಯಾ 2000’ ಮಾನದಂಡ ಬಂತು. ಕಾರ್ಬೊರೇಟರ್ ಹಿಂದೆ ಸರಿದು ಎಂಪಿಎಫ್‌ಐ, ಅಂದರೆ ಸಿಲಿಂಡರಿಗೊಂದರಂತೆ ಇಂಜೆಕ್ಟರ್ ಇಟ್ಟು ಪೆಟ್ರೋಲ್ ಚಿಮ್ಮಿಸುವ ಪದ್ಧತಿ, ಸಾಮಾನ್ಯವಾಯಿತು. ಹೀಗೆ ಒಂದೇ ಮನೆತನದ ಕಾರುಗಳಲ್ಲಿ ಎರಡು ಕಾಲ ಅಕ್ಕಪಕ್ಕ ನಿಂತವು. 1983ರ ಡಿಸೆಂಬರ್ 14ರಂದು ಮೊದಲ ಕೀಲಿ ಹಸ್ತಾಂತರವಾದ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಒಂದು ಕಡೆ. ವ್ಯಾಗನ್ ಆರ್‌ನ 1061 ಸಿಸಿ, ಎಂಪಿಎಫ್‌ಐ ಆದಮೇಲಿನ ಝೆನ್‌ನ 993 ಸಿಸಿ, ಎಸ್ಟೀಮ್‌ನ 1298 ಸಿಸಿ ಎಂಜಿನ್‌ಗಳು ಇನ್ನೊಂದು ಕಡೆ. 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮೈ ಗಟ್ಟಿಯಾಗಿದ್ದು ಎಂಜಿನ್ ಸೋತ 800ಕ್ಕೆ ದಾಯಾದಿ ಎಂಜಿನ್ ಹಾಕುವ ಆಸೆ ಹುಟ್ಟುವುದು ಸಹಜ. ಈ ಲೇಖನದ ಮಾದರಿ ಅದೇ: ಕಾರ್ಬೊರೇಟರ್ 800, ಒಳಗೆ ಎಂಪಿಎಫ್‌ಐ.

ಹಳೆಯದರಲ್ಲಿ ಏನಿದೆ, ಹೊಸದು ಏನು ಕೇಳುತ್ತದೆ

ಕಾರ್ಬೊರೇಟರ್ ಎಂಜಿನ್ ಕೇಳುವುದು ಬೆರಳೆಣಿಕೆಯ ವೈರು. ಕೀಲಿ ತಿರುಗಿಸಿದರೆ ಕಾಯಿಲ್ಲಿಗೆ 12 ವೋಲ್ಟು, ಸೆಲ್ಫಿನ ಸೊಲೆನಾಯ್ಡಿಗೆ ಒಂದು, ಆಲ್ಟರ್ನೇಟರಿಗೆ ಎರಡು ಮೂರು, ಬಿಸಿಯ ಮುಳ್ಳಿಗೊಂದು, ಆಯಿಲ್ ಒತ್ತಡದ ದೀಪಕ್ಕೊಂದು. ಪೆಟ್ರೋಲ್ ಪಂಪನ್ನು ಎಂಜಿನ್ನಿನ ಕ್ಯಾಮ್ ತಾನೇ ತಳ್ಳುತ್ತದೆ. ಅದಕ್ಕೆ ವಿದ್ಯುತ್ತೇ ಬೇಡ.

ಎಂಪಿಎಫ್‌ಐ ಎಂಜಿನ್ನಿಗೆ ಒಬ್ಬ ಯಜಮಾನನಿದ್ದಾನೆ: ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ. ಕ್ರ್ಯಾಂಕಿನ ಸ್ಥಾನ, ಥ್ರಾಟಲ್ ಎಷ್ಟು ತೆರೆದಿದೆ, ಮ್ಯಾನಿಫೋಲ್ಡಿನ ಒತ್ತಡ, ನೀರಿನ ಬಿಸಿ, ಒಳಬರುವ ಗಾಳಿಯ ಬಿಸಿ, ಸೈಲೆನ್ಸರಿನಲ್ಲಿ ಉಳಿದ ಆಮ್ಲಜನಕ, ಇಷ್ಟನ್ನೂ ಅದು ಸೆನ್ಸರುಗಳ ಮೂಲಕ ಕೇಳಿಸಿಕೊಂಡು ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು, ಕಿಡಿ ಯಾವಾಗ ಹಾರಬೇಕು ಎಂದು ತೀರ್ಮಾನಿಸುತ್ತದೆ. ಕೀಲಿ ತಿರುಗಿಸಿದಾಗ ಇಂಜೆಕ್ಟರುಗಳಿಗೆ 12 ವೋಲ್ಟು ಬಂದೇ ಇರುತ್ತದೆ. ಇಸಿಎಂ ಮಾಡುವುದು ಅವುಗಳ ಇನ್ನೊಂದು ತುದಿಗೆ ಕ್ಷಣಕಾಲ ಅರ್ತ್ ಕೊಡುವುದನ್ನು. ಮುಖ್ಯ ರಿಲೇ, ಪಂಪಿನ ರಿಲೇಗಳೂ ಹೆಚ್ಚಾಗಿ ಹೀಗೆ ಅರ್ತಿನಿಂದಲೇ ಆಳಲ್ಪಡುತ್ತವೆ. ಹಳೆ ಕಾರಿನ ಎಲೆಕ್ಟ್ರಿಷಿಯನ್ನರು ಎಡವುವುದು ಇಲ್ಲಿ. ‘ಕರೆಂಟ್ ಬಂದಿದೆ, ಕೆಲಸ ಮಾಡುತ್ತಿಲ್ಲ’ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ತಲೆ ಕೆರೆದುಕೊಳ್ಳುತ್ತಾರೆ. ಕರೆಂಟ್ ಬಂದೇ ಇರುತ್ತದೆ; ಬರಬೇಕಾದದ್ದು ಅರ್ತ್.

ಟೆಸ್ಟ್ ಲ್ಯಾಂಪಿನ ಬಗ್ಗೆ ಒಂದು ಮಾತು. ಹಳೆ ವೈರಿಂಗಿಗೆ ಅದು ಒಳ್ಳೆಯ ಸ್ನೇಹಿತ. ಆದರೆ ಬಲ್ಬಿನ ಲ್ಯಾಂಪನ್ನು ಸೆನ್ಸರ್ ವೈರಿಗೂ ಇಸಿಎಂನ ಪಿನ್ನಿಗೂ ಮುಟ್ಟಿಸಬಾರದು. ಅಲ್ಲಿಗೆ ಡಿಜಿಟಲ್ ಮಲ್ಟಿಮೀಟರೇ ಬೇಕು.

ಕಿಟ್ ತರುವುದು, ಬಿಡಿಸುವುದು

ಎಂಜಿನ್ ಕೊಳ್ಳುವಾಗ ಗುಜರಿಯವನು ಮೊದಲು ಮಾಡುವ ಕೆಲಸ ವೈರಿಂಗ್ ಕತ್ತರಿಸುವುದು. ಎಂಜಿನ್ ಬೇಗ ಇಳಿಯುತ್ತದೆ, ತಾಮ್ರವೂ ಬೇರೆ ಮಾರಾಟವಾಗುತ್ತದೆ. ಕೊಳ್ಳುವವನು ಅಲ್ಲೇ ನಿಂತು ತಡೆಯಬೇಕು. ಇಸಿಎಂ, ಎಂಜಿನ್ ಕಿಟ್, ಬಾನೆಟ್ಟಿನೊಳಗಿನ ಫ್ಯೂಸ್ ಬಾಕ್ಸ್, ರಿಲೇಗಳು, ಎಲ್ಲ ಸೆನ್ಸರ್, ಕೀಲಿ ಸಮೇತ ಇಗ್ನಿಷನ್ ಸ್ವಿಚ್, ಆಕ್ಸಿಲರೇಟರ್ ಪೆಡಲ್, ಸಾಧ್ಯವಾದರೆ ಪಂಪಿನ ಸಮೇತ ಟ್ಯಾಂಕು, ಇಷ್ಟೂ ಒಂದೇ ಕಾರಿನಿಂದ ಬರಬೇಕು. ಇಸಿಎಂ ಒಂದು ಕಾರಿನದು, ಕಿಟ್ ಇನ್ನೊಂದು ವರ್ಷದ ಮಾಡೆಲಿನದು ಆದರೆ ಕಪ್ಲರ್ ಕೂತರೂ ಪಿನ್ನಿನ ಅರ್ಥ ಬೇರೆಯಾಗಿರಬಹುದು. ಕಿಟ್ ಕತ್ತರಿಸಿದ ಎಂಜಿನ್ ಎಷ್ಟು ಅಗ್ಗವಾದರೂ ದುಬಾರಿ.

ತಂದ ಕಿಟ್ಟನ್ನು ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಎಂಜಿನ್ ಕೋಣೆಯಲ್ಲಿ ಹೇಗಿತ್ತೋ ಹಾಗೆ ಹರಡುತ್ತಾರೆ. ಹಳೆ ಟೇಪು ಬಿಚ್ಚುವ ಮುಂಚೆ ಪ್ರತಿ ಕಪ್ಲರಿಗೂ ಕಾಗದದ ಟೇಪಿನ ಚೀಟಿ. ಆಮೇಲೆ ಕಂಟಿನ್ಯೂಟಿ ಬೀಪ್ ಹಿಡಿದು ಇಸಿಎಂ ಕಪ್ಲರಿನ ಒಂದೊಂದು ಪಿನ್ನೂ ಎಲ್ಲಿ ಹೋಗಿ ಮುಟ್ಟುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಬೇಸರದ ಕೆಲಸ, ಒಂದು ದಿನ ಪೂರಾ ಹಿಡಿಯಬಹುದು. ಈ ಒಂದು ದಿನ ಉಳಿಸಲು ಹೋದವರು ಆಮೇಲೆ ಹತ್ತು ದಿನ ಹುಡುಕುತ್ತಾರೆ. ಕಂಪನಿಯ ಸರ್ವಿಸ್ ಪುಸ್ತಕದ ನಕ್ಷೆ ಸಿಕ್ಕಿದರೆ ಒಳ್ಳೆಯದು. ಸಿಕ್ಕಿದರೂ ಕೈಯಲ್ಲಿರುವ ಕಿಟ್ಟಿನೊಂದಿಗೆ ತಾಳೆ ನೋಡದೆ ನಂಬುವಂತಿಲ್ಲ. ಬಣ್ಣವನ್ನು ನಂಬುವುದಂತೂ ಇನ್ನೂ ತಪ್ಪು. ಸುಜುಕಿಯ ಕಿಟ್ಟುಗಳಲ್ಲಿ ಕಪ್ಪು ಸಾಮಾನ್ಯವಾಗಿ ಅರ್ತ್; ಕಪ್ಪಿಗೆ ಬಿಳಿ ಗೆರೆ ಇದ್ದರೆ ಕೀಲಿ ತಿರುಗಿಸಿದಾಗ ಬರುವ 12 ವೋಲ್ಟು. ಮಬ್ಬು ಬೆಳಕಿನಲ್ಲಿ ಗ್ರೀಸು ಹತ್ತಿದ ಬಿಳಿ ಗೆರೆ ಯಾರಿಗೆ ಕಾಣುತ್ತದೆ? ಅದನ್ನು ಅರ್ತ್ ಎಂದುಕೊಂಡು ಮೈಗೆ ಬಿಗಿದರೆ ಫ್ಯೂಸು ಹೋಗುತ್ತದೆ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ ಕಿಟ್ಟೇ ಹೊಗೆಯಾಗುತ್ತದೆ.

ಹಳೆ ಕಾರಿನ ಕಿಟ್ಟಿನಲ್ಲಿ ಹೆಡ್‌ಲೈಟು, ಹಾರ್ನು, ವೈಪರು, ಇಂಡಿಕೇಟರುಗಳ ಭಾಗಕ್ಕೆ ಕೈ ಹಚ್ಚದಿರುವುದೇ ಜಾಣತನ. ಅದರ ಎಂಜಿನ್ ಭಾಗ ಮಾತ್ರ ತೆಗೆದು, ಹೊಸ ಕಿಟ್ಟನ್ನು ಸ್ವತಂತ್ರವಾಗಿ ಕೂರಿಸಬೇಕು. ಎರಡೂ ಕೂಡುವ ಜಾಗಗಳು ಏಳೆಂಟನ್ನು ಮೀರಬಾರದು: ಬ್ಯಾಟರಿ, ಕೀಲಿಯ ಇಗ್ನಿಷನ್, ಸೆಲ್ಫ್, ಚಾರ್ಜಿಂಗ್ ದೀಪ, ಬಿಸಿಯ ಮುಳ್ಳು, ಆಯಿಲ್ ದೀಪ, ಚೆಕ್ ಎಂಜಿನ್ ದೀಪ, ಪಂಪು. ಕೂಡುವ ಜಾಗದಲ್ಲಿ ವೈರು ಹೊಸೆದು ಟೇಪು ಸುತ್ತುವುದು ಬೇಡ. ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಅಲುಗಾಡದಂತೆ ಕಟ್ಟಬೇಕು.

ಇಸಿಎಂಗೆ ನೀರು, ಬಿಸಿ ಎರಡೂ ಆಗದು. ಡ್ಯಾಶ್‌ಬೋರ್ಡಿನ ಕೆಳಗೇ ಅದರ ಜಾಗ. ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ತಗಡಿಗೆ ತೂತು ಕೊರೆದರೆ ರಬ್ಬರ್ ಗ್ರೊಮೆಟ್ ಇಲ್ಲದೆ ಕಿಟ್ ತೂರಿಸಬಾರದು. ತಗಡಿನ ಅಂಚು ನಿಧಾನವಾಗಿ ವೈರನ್ನು ಕೊಯ್ಯುತ್ತದೆ. ಆ ತೂತು ಇಲಿಗೂ ದಾರಿ. ತೋಟದ ಮನೆಯ ಮುಂದೆ ನಿಲ್ಲುವ ಕಾರಿಗೆ ಇದು ತಮಾಷೆಯ ಮಾತಲ್ಲ. ಮೌಂಟಿಂಗಿಗೆ ವೆಲ್ಡಿಂಗ್ ಹಿಡಿಯುವ ಮುಂಚೆ ಬ್ಯಾಟರಿಯ ಎರಡೂ ತಂತಿ, ಇಸಿಎಂನ ಕಪ್ಲರ್ ಬಿಚ್ಚಿರಬೇಕು.

ಅರ್ತ್

ಈ ಕೆಲಸದಲ್ಲಿ ಹೆಚ್ಚು ಕಾಡುವುದೂ ಕಡಿಮೆ ಗಮನ ಪಡೆಯುವುದೂ ಅರ್ತ್. ಹಳೆ ಕಾರಿನ ಮೈಗೆ ಮೂವತ್ತು ವರ್ಷದ ಬಣ್ಣ, ತುಕ್ಕು, ಪುಟ್ಟಿ ಕೂತಿರುತ್ತದೆ. ಅದರ ಮೇಲೆ ಬೋಲ್ಟು ಬಿಗಿದರೆ ಹಾರ್ನು ಕೂಗಬಹುದು, ದೀಪ ಉರಿಯಬಹುದು. ಇಸಿಎಂ ಮಾತ್ರ ಅಷ್ಟರಿಂದ ತೃಪ್ತಿಪಡುವುದಿಲ್ಲ, ಏಕೆಂದರೆ ಸೆನ್ಸರುಗಳ ಮಾತು ವೋಲ್ಟಿನ ಹತ್ತನೇ ಒಂದರ ಲೆಕ್ಕದಲ್ಲಿ ನಡೆಯುತ್ತದೆ.

ಥ್ರಾಟಲ್ ಸೆನ್ಸರನ್ನೇ ನೋಡಿ. ಇಸಿಎಂ ಅದಕ್ಕೆ 5 ವೋಲ್ಟು ಕೊಡುತ್ತದೆ. ಕಾಲು ಪೆಡಲಿನ ಮೇಲಿಲ್ಲದಾಗ ಅದು ಸುಮಾರು ಅರ್ಧ ವೋಲ್ಟು ಹಿಂದಿರುಗಿಸುತ್ತದೆ, ಪೂರ್ತಿ ಒತ್ತಿದಾಗ ನಾಲ್ಕರ ಮೇಲೆ. ಕಿಟ್ಟಿನಲ್ಲಿ ಸೆನ್ಸರುಗಳ ಅರ್ತ್ ಬೇರೆಯೇ ವೈರಿನಲ್ಲಿ ಇಸಿಎಂಗೆ ಮರಳುತ್ತದೆ. ಅದು ತುಂಡಾಗಿದೆಯೆಂದು ಯಾರೋ ಅದನ್ನು ಎಂಜಿನ್ನಿನ ಮೈಗೆ, ಇಸಿಎಂನ ಅರ್ತನ್ನು ಕಾರಿನ ಮೈಗೆ ಬಿಗಿದರು ಎಂದುಕೊಳ್ಳಿ. ಫ್ಯಾನು ತಿರುಗಿ, ಹೆಡ್‌ಲೈಟು ಹೊತ್ತಿ, ಎಂಜಿನ್ನಿಗೂ ಬ್ಯಾಟರಿಗೂ ನಡುವಿನ ಸಡಿಲ ಪಟ್ಟಿಯಲ್ಲಿ 0.3 ವೋಲ್ಟು ಸೋರಿದರೆ, ಅರ್ಧ ವೋಲ್ಟು ಇಸಿಎಂಗೆ 0.8 ಆಗಿ ಕಾಣುತ್ತದೆ. ಡ್ರೈವರ್ ಪೆಡಲ್ ಒತ್ತಿದ್ದಾನೆಂದು ಅದು ತಿಳಿಯುತ್ತದೆ, ಐಡಲ್ ನಿಯಂತ್ರಣ ಕೈಬಿಡುತ್ತದೆ, ಎಂಜಿನ್ ಏರಿಳಿದು ಉಸಿರಾಡತೊಡಗುತ್ತದೆ. ಸೆನ್ಸರ್ ಬದಲಾಯಿಸುತ್ತಾರೆ, ಐಡಲ್ ವಾಲ್ವ್ ತೊಳೆಯುತ್ತಾರೆ, ಕೊನೆಗೆ ‘ಇಸಿಎಂ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಹೋಗಿರುವುದು ಹತ್ತು ಎಂಎಂ ಬೋಲ್ಟಿನ ಕೆಳಗಿನ ತುಕ್ಕು.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು ಹಚ್ಚಿರಲಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಮುಂದಿನ ಯಾವ ಹುಡುಕಾಟವೂ ವ್ಯರ್ಥ. ಮೊದಲು ಬಣ್ಣ ಕೆರೆದು ಬೆಳ್ಳಗಿನ ಲೋಹ ಕಾಣಿಸಿ, ಬ್ಯಾಟರಿಯಿಂದ ಎಂಜಿನ್ನಿಗೆ ಒಂದು, ಎಂಜಿನ್ನಿನಿಂದ ಮೈಗೆ ಒಂದು ದಪ್ಪ ಪಟ್ಟಿ ಹಾಕಬೇಕು. ಇಸಿಎಂನ ಅರ್ತ್ ವೈರುಗಳನ್ನು ಕಂಪನಿ ಎಲ್ಲಿ ಬಿಗಿದಿತ್ತೋ ಅಲ್ಲಿಗೇ, ಹೆಚ್ಚಾಗಿ ಇನ್‌ಟೇಕ್ ಮ್ಯಾನಿಫೋಲ್ಡಿಗೇ, ಬಿಗಿಯಬೇಕು. ಕ್ರ್ಯಾಂಕ್ ಸೆನ್ಸರಿನ ವೈರಿಗೆ ಜಾಲರಿ ಹೊದಿಕೆ ಇದ್ದರೆ ಅದರ ಅರ್ತ್ ಒಂದು ತುದಿಯಲ್ಲಿ ಮಾತ್ರ. ಎರಡೂ ತುದಿಗೆ ಕೊಟ್ಟರೆ ಕಿಡಿಯ ಗದ್ದಲ ಸೆನ್ಸರಿನ ಮಾತಿಗೆ ಸೇರಿಕೊಳ್ಳುತ್ತದೆ.

ಪೆಟ್ರೋಲ್ ಪಂಪು

ಕಾರ್ಬೊರೇಟರಿಗೆ ಸಾಕಾಗುವ ಒತ್ತಡ 0.3 ಬಾರ್ ಆಸುಪಾಸು. ಇಂಜೆಕ್ಟರಿಗೆ ಬೇಕಾದದ್ದು ಸುಮಾರು 3 ಬಾರ್, ಅಂದರೆ ಹತ್ತುಪಟ್ಟು. ಹಳೆ ರಬ್ಬರ್ ಹೋಸು ಈ ಒತ್ತಡ ತಾಳದು. ಬಿರುಕು ಬಿಟ್ಟರೆ ಪೆಟ್ರೋಲು ಬಿಸಿ ಸೈಲೆನ್ಸರಿನ ಮೇಲೆ ಮಂಜಿನಂತೆ ಚಿಮ್ಮುತ್ತದೆ. ಇಂಜೆಕ್ಷನ್ನಿಗೆಂದೇ ಮಾಡಿದ ಹೋಸು, ಅದಕ್ಕೆ ತಕ್ಕ ಕ್ಲಿಪ್ಪುಗಳೇ ಬೇಕು.

ವೈರಿನ ದಪ್ಪಕ್ಕೂ ಲೆಕ್ಕವಿದೆ. ರಿಲೇಯಿಂದ ಟ್ಯಾಂಕಿಗೆ 4 ಮೀಟರ್, ಪಂಪು ಎಳೆಯುವುದು 5 ಆಂಪಿಯರ್ ಎಂದಿಟ್ಟುಕೊಳ್ಳಿ. ಕೈಗೆ ಸಿಕ್ಕ 0.5 ಚದರ ಎಂಎಂ ವೈರು ಎಳೆದರೆ ದಾರಿಯಲ್ಲೇ 0.7 ವೋಲ್ಟು ಕಳೆದುಹೋಗುತ್ತದೆ. 2 ಚದರ ಎಂಎಂ ವೈರಿನಲ್ಲಿ ಕಳೆಯುವುದು 0.2ಕ್ಕೂ ಕಡಿಮೆ. ಖಾಲಿ ರಸ್ತೆಯಲ್ಲಿ ವ್ಯತ್ಯಾಸ ಗೊತ್ತಾಗದು. ಎಸಿ, ಹೆಡ್‌ಲೈಟು, ವೈಪರು ಒಟ್ಟಿಗೆ ಹಾಕಿಕೊಂಡು ಮಳೆಯ ರಾತ್ರಿ ರಾಯಕೋಟೆಯ ಏರು ಹತ್ತುವಾಗ ಎಂಜಿನ್ ಮುಗ್ಗರಿಸಿದರೆ ಮೊದಲು ನೋಡಬೇಕಾದದ್ದು ಈ ವೈರನ್ನು.

ಪಂಪನ್ನು ಕೀಲಿಗೆ ನೇರ ಕಟ್ಟುವ ಚಟ ಕೆಲವರಿಗಿದೆ. ಕೀಲಿ ತಿರುಗಿಸಿದಾಗ ಇಸಿಎಂ ಪಂಪನ್ನು ಎರಡು ಮೂರು ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ. ಕ್ರ್ಯಾಂಕ್ ತಿರುಗುವ ಸುದ್ದಿ ಬಂದ ಮೇಲಷ್ಟೇ ಮತ್ತೆ ಓಡಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲಲೆಂದೇ ಈ ಏರ್ಪಾಡು. ನೇರ ಕಟ್ಟಿದ ಕಾರಿನಲ್ಲಿ ಡಿಕ್ಕಿಯಾದ ಮೇಲೂ ಒಡೆದ ಪೈಪಿಗೆ ಪೆಟ್ರೋಲು ಬರುತ್ತಲೇ ಇರುತ್ತದೆ. ಇಂಥ ವೈರಿಂಗ್ ಮಾಡಿದವನ ಕೈಗೆ ಇನ್ನೊಂದು ಕಾರು ಕೊಡಬಾರದು.

ಕೀಲಿ, ಮುಳ್ಳು, ದೀಪ

ಹಳೆ ಇಗ್ನಿಷನ್ ಸ್ವಿಚ್ಚಿನ ಕೆಲವು ತುದಿಗಳು ಸೆಲ್ಫ್ ಹೊಡೆಯುವಾಗ ಆರಿಹೋಗುತ್ತವೆ, ರೇಡಿಯೊ, ವೈಪರುಗಳ ತುದಿಯಂತೆ. ಇಸಿಎಂನ ಇಗ್ನಿಷನ್ ವೈರನ್ನು ಅಂಥ ತುದಿಗೆ ಕಟ್ಟಿದರೆ ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಹಿಡಿಯದು. ಕೀಲಿ ಬಿಟ್ಟ ಕ್ಷಣ ಒಮ್ಮೆ ಕೆಮ್ಮುತ್ತದೆ. ಆ ಕೆಮ್ಮೇ ಗುರುತು.

ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳಿಗೆ ಇಸಿಎಂನ ಸೆನ್ಸರ್ ಹಂಚಿಕೊಡುವಂತಿಲ್ಲ. ಮುಳ್ಳಿಗೆ ಒಂದು ವೈರಿನ ಹಳೆ ಸೆಂಡರ್ ಬೇರೆ, ಇಸಿಎಂಗೆ ಎರಡು ವೈರಿನ ಸೆನ್ಸರ್ ಬೇರೆ. ಚಾರ್ಜಿಂಗ್ ದೀಪ ಬರೀ ದೀಪವಲ್ಲ. ಆಲ್ಟರ್ನೇಟರಿಗೆ ಮೊದಲ ಪ್ರಚೋದನೆ ಹೋಗುವುದು ಆ ಬಲ್ಬಿನ ಮೂಲಕವೇ. ಬಲ್ಬು ಸುಟ್ಟಿದ್ದರೆ ಅಥವಾ ವೈರು ಬಿಟ್ಟುಹೋಗಿದ್ದರೆ ಬ್ಯಾಟರಿ ಚಾರ್ಜೇ ಆಗದಿರಬಹುದು. ಚೆಕ್ ಎಂಜಿನ್ ದೀಪ ಕಾರ್ಬೊರೇಟರ್ 800ರಲ್ಲಿ ಇರಲೇ ಇಲ್ಲ, ಹೊಸದಾಗಿ ಕೂರಿಸಬೇಕು. ಕೂರಿಸದೆ ಬಿಟ್ಟ ಕಾರುಗಳೇ ಹೆಚ್ಚು. ಹಳೆ ಸುಜುಕಿ ಇಸಿಎಂಗಳಲ್ಲಿ ಪರೀಕ್ಷೆಯ ತುದಿಗೆ ಅರ್ತ್ ಕೊಟ್ಟರೆ ಈ ದೀಪ ಮಿನುಗಿ ತಪ್ಪಿನ ಸಂಖ್ಯೆ ಹೇಳುತ್ತದೆ: ಒಮ್ಮೆ ಮಿನುಗಿ, ತಡೆದು, ಎರಡು ಸಲ ಮಿನುಗಿದರೆ 12, ಅಂದರೆ ಎಲ್ಲ ಸರಿಯಿದೆ. ಒಂದು ಬಲ್ಬಿನ ಖರ್ಚಿನಲ್ಲಿ ಇಷ್ಟು ಸಿಗುವಾಗ ಬಿಡುವುದೇಕೆ?

ಇನ್ನೂ ಹೊಸ ಎಂಜಿನ್‌ಗಳು

2008ರಿಂದ ಬಂದ ಸುಜುಕಿಯ ಕೆ ಸರಣಿಯ ಎಂಜಿನ್ ಹಾಕಲು ಹೊರಟವರಿಗೆ ಬಾಗಿಲಲ್ಲೇ ಕಾವಲುಗಾರನಿದ್ದಾನೆ, ಇಮ್ಮೊಬಿಲೈಸರ್. ಕೀಲಿಯೊಳಗಿನ ಚಿಪ್ಪನ್ನು ಸ್ವಿಚ್ಚಿನ ಸುತ್ತಲಿನ ಆಂಟೆನಾ ಓದಿ, ಇಸಿಎಂ ಒಪ್ಪಿದರಷ್ಟೇ ಇಂಜೆಕ್ಟರ್ ತೆರೆಯುತ್ತದೆ. ಕೀಲಿ, ಆಂಟೆನಾ, ಪೆಟ್ಟಿಗೆ ಮೂರೂ ಒಂದೇ ಕಾರಿನಿಂದ ತರದಿದ್ದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಆಮೇಲಿನ ಕಾರುಗಳಲ್ಲಿ ಪೆಡಲಿನಿಂದ ಥ್ರಾಟಲಿಗೆ ತಂತಿಯೇ ಇಲ್ಲ. ಮೀಟರು, ಎಬಿಎಸ್ ಎಲ್ಲವೂ ಎರಡು ವೈರಿನ ಕ್ಯಾನ್ ಜಾಲದಲ್ಲಿ ಪರಸ್ಪರ ಮಾತಾಡುತ್ತವೆ, ಒಬ್ಬರು ಉತ್ತರ ಕೊಡದಿದ್ದರೂ ಇಸಿಎಂ ದೂರು ಬರೆದುಕೊಳ್ಳುತ್ತದೆ. ಇಂಥಲ್ಲಿ ಕೆಲವರು ಕಂಪನಿಯ ಪೆಟ್ಟಿಗೆಯನ್ನೇ ಬಿಟ್ಟು ಸ್ವತಂತ್ರ ಇಸಿಎಂ ಹಾಕುತ್ತಾರೆ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ಮೆಗಾಸ್ಕ್ವಿರ್ಟ್ ಈ ಬಗೆಯಲ್ಲಿ ಹೆಸರುವಾಸಿ. ರೇಸಿಗೆ ಅದು ಸರಿ. ದಿನಾ ಹೊಸೂರಿಗೆ ಕೆಲಸಕ್ಕೆ ಹೋಗಿಬರುವವರಿಗೆ ಸರಳ ಎಂಪಿಎಫ್‌ಐ ಎಂಜಿನ್ನೇ ಲೇಸು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ನಿಷಿದ್ಧ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗಳಿಗೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ಕಾಯ್ದೆಯಲ್ಲೇ ದಾರಿಯಿದೆ. ಅದೇ ತಯಾರಿಯ, ಅದೇ ಬಗೆಯ ಎಂಜಿನ್ ಬದಲಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಕೇಳಬಹುದು. 800ಕ್ಕೆ ಎಸ್ಟೀಮ್ ಎಂಜಿನ್ ಈ ಬಾಗಿಲುಗಳಲ್ಲಿ ಯಾವುದರಲ್ಲೂ ತೂರುವುದಿಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷದ ನವೀಕರಣ. ಕಾರ್ಬೊರೇಟರ್ ಕಾರುಗಳೆಲ್ಲ ಈಗ ನವೀಕರಣದ ಸರದಿಯವೇ, ಅಲ್ಲಿ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್ ಉಜ್ಜಿ ನೋಡುತ್ತಾರೆ. ವಿಮೆಯ ಕಾಗದದಲ್ಲೂ ಅದೇ ನಂಬರ್. ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಭಾರತ್ ಸ್ಟೇಜ್ (ಬಿಎಸ್) 2 ಹೊಗೆ ಮಾನದಂಡಕ್ಕೆ ಮುಂಚಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಶೇ 3ರವರೆಗೆ ಕಾರ್ಬನ್ ಮೊನಾಕ್ಸೈಡ್ ಇದ್ದರೂ ಪಾಸು. ಬಿಎಸ್ 2, ಬಿಎಸ್ 3 ಕಾರಿಗೆ ಮಿತಿ ಶೇ 0.5. ಸರಿಯಾಗಿ ವೈರಿಂಗ್ ಆದ ಎಂಪಿಎಫ್‌ಐ 800, ತನ್ನ ಮೂಲ ಎಂಜಿನ್ನಿಗಿಂತ ಎಷ್ಟೋ ಶುದ್ಧವಾಗಿ ಉಸಿರಾಡುತ್ತದೆ. ಹಾಗಿದ್ದೂ ರಸ್ತೆಯಲ್ಲಿ ಅದು ಅಪರಾಧಿ. ರೇಸ್ ಟ್ರ್ಯಾಕಿಗೆ, ಖಾಸಗಿ ಜಮೀನಿಗೆ, ಕಲಿಕೆಗೆಂದು ಕಟ್ಟುವವರ ಮಾತು ಬೇರೆ. ಹೆದ್ದಾರಿಗೆ ಇಳಿಸುವವರು ಎಂಜಿನ್ ಕೊಳ್ಳುವ ಮುಂಚೆಯೇ ತಮ್ಮ ನೋಂದಣಿ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಗುಜರಿಯಿಂದ ರಸೀತಿ ಇಲ್ಲದೆ ಎಂಜಿನ್ ತರಲೇಬಾರದು. ಕದ್ದ ಕಾರಿನ ಎಂಜಿನ್ ಆಗಿದ್ದರೆ ವೈರಿಂಗ್ ಚೆನ್ನಾಗಿ ಮಾಡಿದ್ದೆವು ಎನ್ನುವ ಮಾತು ಠಾಣೆಯಲ್ಲಿ ನಡೆಯದು.

ಇಷ್ಟಾದ ಮೇಲೆ ಒಂದು ಕೋರಿಕೆ. ಕಿಟ್ ಬಿಡಿಸುವಾಗ ನೋಟ್‌ಬುಕ್ಕಿನಲ್ಲಿ ಬರೆದ ಪಿನ್ನುಗಳ ಪಟ್ಟಿ, ಎಲ್ಲೆಲ್ಲಿ ಕೂಡಿಸಿದ್ದೀರಿ, ಯಾವ ಫ್ಯೂಸು ಯಾವುದಕ್ಕೆ, ಇದನ್ನೆಲ್ಲ ಒಂದು ಹಾಳೆಯಲ್ಲಿ ನೇರವಾಗಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೆ ಆ ಕಾರಿನ ಬಾನೆಟ್ ಎತ್ತುವವರು ನೀವೇ ಆಗಿರುತ್ತೀರಿ ಎಂದೇನಿಲ್ಲ.